ಮಗ್ಗ ನಿಲ್ಲಿಸಿ ನೋಡುವ ಬಾಯಾರು

ಬಸುರಿನ ಹನ್ನೊಂದನೆಯ ವಾರ ತುಂಬಿ ಹದಿನಾಲ್ಕು ಮುಗಿಯುವುದರೊಳಗೆ, ಹೆಬ್ಬೆರಳುದ್ದದ ಕೂಸಿನ ಕತ್ತಿನ ಹಿಂದಿನ ನೀರಿನ ಪದರವನ್ನು ಸ್ಕ್ಯಾನಿಂಗಿನಲ್ಲಿ ಅಳೆದು, ವರ್ಣತಂತುಗಳಲ್ಲಿ ದೋಷವಿರಬಹುದೇ ಎಂಬ ಮೊದಲ ಸುಳಿವು ಹೇಳುವ ವಿದ್ಯೆಯನ್ನು ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಹೆಣ್ಣುಮಕ್ಕಳಿಗೆ ಎಟುಕಿಸಿದವರು ಯಾರೆಂದು ಕೇಳಿದರೆ ನಮಗೆ ತೋಚುವುದು ಒಂದೇ ಹೆಸರು: ಡಾ. ಪ್ರತಿಮಾ ಹೊಸೂರ. ಅವರ ಶಿಷ್ಯರಾದ ನಮ್ಮೆಲ್ಲರ ಬಾಯಲ್ಲಿ ಅವರು ಬರೀ ‘ಬಾಯಾರು’.

ಮುಧೋಳದ ಶಾಲಾ ಮಾಸ್ತರರ ಮಗಳಾದ ಬಾಯಾರು ಇಪ್ಪತ್ತೆರಡು ವರ್ಷಗಳ ಹಿಂದೆ ಜಮಖಂಡಿಯ ಆಸ್ಪತ್ರೆಗೆ ಬಂದಾಗ ಎದುರಾದ ತೊಡಕು ಯಂತ್ರದ್ದಲ್ಲ. ಮೂರು ತಿಂಗಳು ತುಂಬುವವರೆಗೆ ಬಸುರಿನ ಸುದ್ದಿ ಹೊರಗೆ ಬಿಡಬಾರದೆಂಬ ರೂಢಿ. ಸುದ್ದಿ ಹೊರಬಿದ್ದು ಆಸ್ಪತ್ರೆಗೆ ಬರುವ ಹೊತ್ತಿಗೆ ಪರೀಕ್ಷೆಯ ಕಾಲವೇ ದಾಟಿರುತ್ತಿತ್ತು. ಬಾಯಾರು ರೂಢಿಯ ಮೇಲೆ ಹರಿಹಾಯಲಿಲ್ಲ. ರವಿವಾರಕ್ಕೊಮ್ಮೆ ಬನಹಟ್ಟಿಯ ಮಗ್ಗದ ಮನೆಗಳಿಗೆ ಹೋಗಿ, ನೂಲಿನ ಕಂಡಿಕೆ ಸುತ್ತುವ ಹೆಂಗಸರ ನಡುವೆ ಕೂತು, “ಊರಿಗೆ ಹೇಳಬ್ಯಾಡ್ರವ್ವಾ, ನನಗಷ್ಟ ಹೇಳ್ರಿ” ಎಂದರು. ಹೇಳಿದರು ನೋಡಿ! ಒಬ್ಬಳ ಬೆನ್ನಿಗೆ ಒಬ್ಬಳು ಬಂದರು.

ಇನ್ನು ಮುಂದಿನದು ಈ ಅಭಿನಂದನ ಪುಸ್ತಕದ ಸಮಿತಿಯವರು ಬೇಡವೆಂದ ಸಂಗತಿ. “ಅದನ್ನ ಬಿಟ್ರ ನನ್ನ ಪುಸ್ತಕನ ಬ್ಯಾಡ” ಎಂದು ಬಾಯಾರು ಹಟ ಹಿಡಿದದ್ದರಿಂದ ಬರೆಯುತ್ತಿದ್ದೇವೆ. ಹದಿಮೂರು ವರ್ಷಗಳ ಹಿಂದೆ ಬನಹಟ್ಟಿಯ ನೇಕಾರ್ತಿ ಅನಸವ್ವ ತನ್ನ ಸೊಸೆ ತಾರವ್ವನನ್ನು ಕರೆತಂದಳು. ಅಂದು ಆಸ್ಪತ್ರೆಯಲ್ಲಿ ವಿಪರೀತ ಜನರ ಗದ್ದಲ. ಮೂರು ದಾಟಿದರೇ ಸಂಶಯಪಡಬೇಕಾದ ಅಳತೆ ನಾಲ್ಕು ಮಿಲಿಮೀಟರಿನ ಹತ್ತಿರ ಬಂತು. “ದೋಷದ ಸಂಶಯ ಐತಿ, ಬೆಳಗಾವಿಗೆ ಹೋಗಿ ಮುಂದಿನ ಪರೀಕ್ಷಾ ಮಾಡಸ್ರಿ” ಎಂದು ಹೇಳಿ ಬಾಯಾರು ಮುಂದಿನವಳನ್ನು ಕರೆದರು. ಮನೆಯವರು ಸಂಶಯವನ್ನೇ ಖರೆ ಎಂದು ತಿಳಿದು ಗರ್ಭ ತೆಗೆಸುವುದೆಂದು ನಿಶ್ಚಯಿಸಿಬಿಟ್ಟರು.

ಸಂಜೆ ಬಾಯಾರು ಆ ಚಿತ್ರಗಳನ್ನು ಮತ್ತೆ ನೋಡಿದರು. ಕತ್ತಿನ ಚರ್ಮವೆಂದು ತಾವು ಹಿಡಿದ ಗೆರೆ, ಕೂಸನ್ನು ಸುತ್ತಿದ ನೀರಚೀಲದ ಪೊರೆಯಂತೆ ಕಾಣುತ್ತಿತ್ತು. ಕೂಸು ಕದಲುವವರೆಗೆ ಕಾದಿದ್ದರೆ ಚರ್ಮ, ಪೊರೆ ಎರಡೂ ಬೇರೆ ಬೇರೆಯಾಗಿ ತೋರುತ್ತಿದ್ದವು. ಮರುದಿನ ಮೊದಲ ಬಸ್ಸಿಗೇ ಬನಹಟ್ಟಿ ಮುಟ್ಟಿದರು. ತಾರವ್ವನ ಕೈಯಲ್ಲಿ ಆಗಲೇ ಚೀಲವಿತ್ತು, ಕಣ್ಣು ಅತ್ತು ಊದಿದ್ದವು.

“ತಪ್ಪು ನಂದೈತ್ರಿ. ಕೂಸಿಗೆ ಏನೂ ಮಾಡಬ್ಯಾಡ್ರಿ, ಇನ್ನೊಮ್ಮೆ ನೋಡೂನು ಬರ್ರಿ” ಎಂದು ಓಣಿಯವರೆಲ್ಲರ ಎದುರಿಗೇ ಬಾಯಾರು ಕೈಮುಗಿದರು.

ಅನಸವ್ವ ಸುಮ್ಮನಿರುವವಳಲ್ಲ. “ಎರಡು ಎಳಿ ಕೂಡಿ ಬಂದ್ರ ನಾವು ಮಗ್ಗ ನಿಲ್ಲಸ್ತೇವ್ರಿ ಬಾಯಾರ. ನೀವ್ಯಾಕ ನಿಲ್ಲಸಲಿಲ್ಲ?”

ಬಾಯಾರು ಅತ್ತೆ ಸೊಸೆಯರನ್ನು ಜಮಖಂಡಿಗೆ ಕರೆದೊಯ್ದರು. ಅಂದು ತಾರವ್ವನನ್ನು ಕೆಮ್ಮಿಸಿ, ಓಡಾಡಿಸಿ, ಕೂಸು ಮಗ್ಗುಲಾಗುವವರೆಗೆ ಮುಕ್ಕಾಲು ತಾಸು ಕಾದರು. ಅಳತೆ ಒಂದೂವರೆ ಮಿಲಿಮೀಟರೂ ಇರಲಿಲ್ಲ.

ಅಂದಿನಿಂದ ಹೊರಗೆ ಎಷ್ಟೇ ಸಾಲು ನಿಂತಿರಲಿ, ಕೂಸು ಕದಲದೆ ಬಾಯಾರು ಅಂಕಿ ಬರೆದವರಲ್ಲ. ಅವಸರ ಮಾಡಿದ ಶಿಷ್ಯರಾದ ನಮಗೆ “ಮಗ್ಗ ನಿಲ್ಲಸ್ರಿ!” ಎಂಬ ಬೈಗುಳ ತಪ್ಪಿದ್ದಲ್ಲ. ದೋಷದ ಸುಳಿವು ಕಂಡ ಮನೆಗಳವರನ್ನೂ ಅವರು ಸುಮ್ಮನೆ ಸಾಗಹಾಕಲಿಲ್ಲ. ಮುಂದಿನ ಪರೀಕ್ಷೆ ಯಾವುದು, ಹುಟ್ಟುವ ಕೂಸಿನ ಬದುಕು ಹೇಗಿರಬಹುದು ಎಂದು ಬಿಡಿಸಿ ಹೇಳಿ, ನಿರ್ಧಾರವನ್ನು ಅವರಿಗೇ ಬಿಟ್ಟರು. ಇಂಥವರ ಶಿಷ್ಯರೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳುತ್ತೇವೆ.

ಕಳೆದ ತಿಂಗಳು ಬಾಯಾರ ಸೇವೆಯ ಕೊನೆಯ ದಿನ, ಬೆನ್ನು ಬಾಗಿದ ಅನಸವ್ವ ಮೊಮ್ಮಗಳ ಕೈ ಹಿಡಿದು ಬಂದಳು. ಅಂದಿನ ಆ ಕೂಸಿನ ಹೆಸರು ದಾನಮ್ಮ, ಈಗ ಶಾಲೆಯಲ್ಲಿ ಏಳನೆಯ ಇಯತ್ತೆ. “ಕಾಲಿಗೆ ಬೀಳ ಬೇ. ತಪ್ಪಾತು ಅಂತ ಹೇಳಾಕ ನಮ್ಮ ಮನಿತನಕ ಬಂದವ್ರು ಇವರ” ಎಂದಳು. ಬಾಯಾರು ಹುಡುಗಿಯನ್ನು ಬೀಳಗೊಡಲಿಲ್ಲ, ತಬ್ಬಿಕೊಂಡು ಅತ್ತರು.

ನಮ್ಮ ಬಾಯಾರು ನೂರು ವರ್ಷ ಗಟ್ಟಿಮುಟ್ಟಾಗಿ ಬಾಳಲಿ. ವಾರಕ್ಕೊಮ್ಮೆಯಾದರೂ ಸ್ಕ್ಯಾನಿಂಗ್ ಕೋಣೆಗೆ ಬಂದು, ನಮ್ಮ ಬೆನ್ನ ಹಿಂದೆ ನಿಂತು ಬೈಯುತ್ತಿರಲಿ.