ರಾಡ್ ಬೇರಿಂಗಿಗೆ ಬಿಟ್ಟ ಎಣ್ಣೆ

ನನಗೆ ಮೊಮ್ಮಗಳು ಹುಟ್ಟಿದಳು! ಹೊಳೆಯ ಆಚೆ ದಂಡೆಯ ಆಸ್ಪತ್ರೆಯಲ್ಲಿ, ಮಧ್ಯಾಹ್ನದ ಹೊತ್ತು. ತಾಯಿ ಮಗಳು ಇಬ್ಬರೂ ಆರಾಮ. ದಂಡೆಯಲ್ಲಿ ಕಂಡಕಂಡವರ ಕೈಗೆಲ್ಲ ಸಕ್ಕರೆ ಹಾಕಿದೆ, ಗುರುತಿಲ್ಲದ ಒಬ್ಬನಿಗಂತೂ ಎರಡು ಸಲ.

ಆದರೂ ಎದೆಯೊಳಗಿನ ಕಹಿ ಕರಗಲಿಲ್ಲ. ಹಿಂದಿನ ವರ್ಷ ಇದೇ ಸೊಸೆಯ ಮೊದಲ ಕೂಸನ್ನು ನಡುಹೊಳೆಯಲ್ಲೇ ಕಳೆದುಕೊಂಡಿದ್ದೆವು.

ನಮ್ಮೂರು ಜುಗೂಳದಲ್ಲಿ ಇನ್ನೂ ಸೇತುವೆ ಆಗಿರಲಿಲ್ಲ. ನಾನು, ನನ್ನ ಅಣ್ಣ ದೋಣಿಯಲ್ಲಿ ಜನ ದಾಟಿಸುತ್ತಿದ್ದೆವು. ದೋಣಿಗೊಂದು ಟು-ಸ್ಟ್ರೋಕ್ ಎಂಜಿನ್. ಮಳೆಗಾಲದಲ್ಲಿ ಅದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು ಮತ್ತೆ ಕೂಡಿಸುವುದು ರೂಢಿ. ಅದರ ಎಣ್ಣೆ ಪೆಟ್ರೋಲಿನಲ್ಲಿ ಬೆರೆತೇ ಒಳಗೆ ಹೋಗಬೇಕು. ಅದು ಒಳಗೆ ಮುಟ್ಟುವ ತನಕ ಕನೆಕ್ಟಿಂಗ್ ರಾಡಿನ ಬೇರಿಂಗ್ ಒಣಗಿರಬಾರದು. ಕೂಡಿಸುವಾಗಲೇ ಅದಕ್ಕೆ ಡಬ್ಬಿಯ ಟು-ಸ್ಟ್ರೋಕ್ ಎಣ್ಣೆ ಬಿಡಬೇಕು. ಆ ವರ್ಷ ಅಣ್ಣ ದೇವರ ದೀಪದ ಕುಸುಬಿ ಎಣ್ಣೆ ಬಿಟ್ಟ.

“ಅಣ್ಣಾ, ಇದು ಅಂಟಾಗ್ತೈತಿ. ಡಬ್ಬಿ ಎಣ್ಣಿ ಹಾಕೂಣು.”

“ದೇವರ ಎಣ್ಣಿಗೆ ಹೆಸರಿಡತಿಯೇನ್ಲೇ? ಬಂದ ನೋಡು ದೊಡ್ಡ ಇಂಜಿನಿಯರ!”

ನೆರೆ ಇಳಿಯುವ ತನಕ ಎಂಜಿನ್ ಮನೆಯಲ್ಲೇ ಕೂತಿತ್ತು. ಒಳಗೆ ಕುಸುಬಿ ಎಣ್ಣೆ ಬೆಲ್ಲದ ಪಾಕದಂತೆ ಬಿಗಿದು ಬೇರಿಂಗಿನ ರೋಲರುಗಳನ್ನು ಅರೆಬರೆ ಹಿಡಿದಿತ್ತು. ಬೇನೆ ತಿನ್ನುತ್ತಿದ್ದ ಸೊಸೆಯನ್ನು ಕೂರಿಸಿಕೊಂಡು ಹೊರಟೆವು. ನಡುಹೊಳೆಯಲ್ಲಿ ಎಂಜಿನ್ ಕಿರ್ ಎಂದು ನಿಂತಿತು. ಹುಟ್ಟು ಹಾಕಿ ದಂಡೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು. ಆಮೇಲೆ ಸುಟ್ಟು ನೀಲಿಯಾದ ಬೇರಿಂಗನ್ನು ಅಣ್ಣನ ಮುಂದೆ ಹಿಡಿದೆ.

“ಹಣೇಬರಹ ತಮ್ಮಾ,” ಎಂದ. ಅಷ್ಟೇ.

ಈ ಸಲ ಎಂಜಿನ್ನಿಗೆ ಅವನ ಕೈ ತಾಗಗೊಡಲಿಲ್ಲ. ನಿಪ್ಪಾಣಿಯಿಂದ ಹೊಸ ಬೇರಿಂಗ್ ತಂದು, ಟು-ಸ್ಟ್ರೋಕ್ ಎಣ್ಣೆ ಬಿಟ್ಟು, ಕೈಯಿಂದ ತಿರುಗಿಸಿ, ಒಂದೊಂದು ರೋಲರೂ ತೊಯ್ದದ್ದು ಕಂಡ ಮೇಲೆಯೇ ಮುಚ್ಚಿದೆ. ಹೆರಿಗೆಯ ದಿನ ಬೆಳಗ್ಗೆ ದೋಣಿ ಹತ್ತುವಾಗ ಸೊಸೆ ನನ್ನ ಮುಖವನ್ನೇ ನೋಡಿದಳು. ಎಂಜಿನ್ ಒಂದೇ ದನಿಯಲ್ಲಿ ಆಚೆ ದಂಡೆ ಮುಟ್ಟಿಸಿತು.

ಸಂಜೆ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಬಂದರು. ಸೊಸೆಯ ಮಂಚದ ಸುತ್ತ ಕೂತು ರೊಟ್ಟಿ ಬಿಚ್ಚಿದೆವು.

“ನೋಡಲೇ, ನಾ ದೇವರಿಗೆ ಬೇಡಿಕೊಂಡಿದ್ದೆ,” ಎನ್ನುತ್ತ ಅಣ್ಣ ನನ್ನ ಚಟ್ನಿಯ ಮೇಲೆ ಕುಸುಬಿ ಎಣ್ಣೆ ಸುರಿದ.

ಸೊಸೆ ಕೂಸಿನಿಂದ ಕಣ್ಣೆತ್ತಲಿಲ್ಲ. “ಅಲ್ಲೇ ಹಾಕ್ರಿ ದೊಡ್ಡ ಮಾವಾರ. ಆ ಎಣ್ಣಿ ಜಾಗಾ ಅದೇ ಐತಿ.”

ಅಣ್ಣ ಸೀಸೆಯ ಬಾಯಿ ಮುಚ್ಚಿ ಪಕ್ಕಕ್ಕಿಟ್ಟ. ಎಲ್ಲರೂ ತಲೆ ತಗ್ಗಿಸಿ ಉಂಡೆವು; ನಾನು ಮಾತ್ರ ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡೆ.