ಟೂರ್ ಗಾಡಿಯ ಟೈಮಿಂಗ್

ಹೊಸಹಳ್ಳಿಯಲ್ಲಿ ಮೆಟ್ರೋ ಕಂಬಗಳು ಏಳುವುದಕ್ಕೆ ಮುಂಚಿನ ಮಾತು. ಆಗ ನಮ್ಮ ರಸ್ತೆಯಲ್ಲಿ ಮಧ್ಯಾಹ್ನ ಕ್ರಿಕೆಟ್ ಆಡುತ್ತಿದ್ದರೆ ಓವರಿಗೊಂದು ಗಾಡಿ ಅಡ್ಡ ಬಂದರೆ ಹೆಚ್ಚು. ಬೇಸಿಗೆ ರಜೆ ಶುರುವಾಯಿತೆಂದರೆ ಎಲ್ಲರ ತಾರಸಿಯ ಮೇಲೂ ಹಳೆ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರು, ಕಾಯಲು ನಮ್ಮನ್ನು ಕೂರಿಸುತ್ತಿದ್ದರು. ಕಾಯುವ ನೆಪದಲ್ಲಿ ಅರ್ಧ ಒಣಗಿದ ಸಂಡಿಗೆಯನ್ನು ಎತ್ತಿ ಬಾಯಿಗೆ ಹಾಕಿಕೊಳ್ಳದವರು ಯಾರಿದ್ದಾರೆ? ನಿಮ್ಮ ಬೇಸಿಗೆಗೆ ಮಾವಿನಕಾಯಿಯದೋ ಮಲ್ಲಿಗೆಯದೋ ವಾಸನೆ ಇರಬಹುದು. ನಾನು ಐದನೇ ಕ್ಲಾಸು ಮುಗಿಸಿದ ಆ ಬೇಸಿಗೆಗೆ ಮಾತ್ರ ಸೀಮೆಎಣ್ಣೆಯ ವಾಸನೆ.

ನಮ್ಮದು ತಾತ ಕಟ್ಟಿಸಿದ ಎರಡಂತಸ್ತಿನ ಮನೆ. ಕೆಳಗೆ ದೊಡ್ಡಪ್ಪ, ದೊಡ್ಡಮ್ಮ. ಮೇಲೆ ಅಪ್ಪ, ಅಮ್ಮ, ನಾನು. ಅಜ್ಜಿ ಒಂದು ತಿಂಗಳು ಕೆಳಗೆ, ಒಂದು ತಿಂಗಳು ಮೇಲೆ. ಗೇಟಿನ ಪಕ್ಕದ ಶೀಟ್ ಹೊದಿಸಿದ ಶೆಡ್ಡಿನಲ್ಲಿ ತಾತನ ಮೋಟಾರ್ ಸೈಕಲ್ ನಿಂತಿತ್ತು. ತಾತ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್ ಆಗಿದ್ದವರು. ತಿಂಗಳಲ್ಲಿ ಹದಿನೈದು ದಿನ ಊರೂರು ತಿರುಗಿ ಸಂತೆಯ ತಕ್ಕಡಿಗಳನ್ನು ಪರೀಕ್ಷೆ ಮಾಡುವುದು ಅವರ ಕೆಲಸ. ಆ ತಿರುಗಾಟಕ್ಕೆ ಮನೆಯಲ್ಲಿ ಟೂರ್ ಎನ್ನುತ್ತಿದ್ದರು, ಹಾಗಾಗಿ ಅದು ಟೂರ್ ಗಾಡಿ. ಹಿಂದಿನ ಚಕ್ರದ ಎರಡೂ ಪಕ್ಕಕ್ಕೆ ತಗಡಿನ ಪೆಟ್ಟಿಗೆಗಳು, ಒಂದರಲ್ಲಿ ಹಿತ್ತಾಳೆಯ ತೂಕಗಳು, ಇನ್ನೊಂದರಲ್ಲಿ ತಾತನ ಎರಡು ಜೊತೆ ಬಟ್ಟೆ. ಟೂರ್ ಮುಗಿಸಿ ಬರುವಾಗ ಗಾಡಿಯ ಸದ್ದು ಸರ್ಕಲ್ ಹತ್ತಿರ ಕೇಳಿದ ಕೂಡಲೇ ಅಜ್ಜಿ ಕಾಫಿಗೆ ಹಾಲಿಡುತ್ತಿದ್ದಳಂತೆ. ತಾತ ಗೇಟು ತೆಗೆಯುವಾಗ ಹಾಲು ಉಕ್ಕುತ್ತಿತ್ತಂತೆ. ತಾತ ಹೋದ ಮೇಲೆ ಗಾಡಿಯನ್ನು ಯಾರೂ ಮುಟ್ಟಿರಲಿಲ್ಲ. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು.

ಇನ್ನು ಮನೆಯ ದೊಡ್ಡ ಸಂಗತಿಯನ್ನು ಹೇಳಬೇಕು. ಅಪ್ಪ ಮತ್ತು ದೊಡ್ಡಪ್ಪ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಕಾರಣ ಒಂದು ಲಗ್ನಪತ್ರಿಕೆ. ದೊಡ್ಡಪ್ಪನ ಮಗಳು ಸುಮಕ್ಕನ ಮದುವೆಯ ಕಾರ್ಡಿನಲ್ಲಿ, ಕೆಳಗೆ 'ಸುಖಾಗಮನ ಬಯಸುವವರು' ಎಂದು ಹೆಸರುಗಳ ಸಾಲು ಇರುತ್ತದಲ್ಲ, ಅಲ್ಲಿ ಅಪ್ಪನ ಹೆಸರು ಬಿಟ್ಟುಹೋಗಿತ್ತು. ಪ್ರೂಫ್ ನೋಡಿದವರು ದೊಡ್ಡಪ್ಪನೇ, ಅದೂ ಕನ್ನಡಕ ಹಾಕಿಕೊಳ್ಳದೆ. ತಪ್ಪು ಗೊತ್ತಾದ ಮೇಲೆ ಪಾಪ, ಉಳಿದ ಕಾರ್ಡುಗಳಿಗೆಲ್ಲ ಕೂತು ನೀಲಿ ಪೆನ್ನಿನಲ್ಲಿ ಅಪ್ಪನ ಹೆಸರು ಬರೆದರು. ಅದು ಇನ್ನೂ ಕೆಟ್ಟಿತು. "ಪೆನ್ನಲ್ಲಿ ಸೇರಿಸೋ ತಮ್ಮನಾ ನಾನು?" ಎಂದು ಅಪ್ಪ ಅಮ್ಮನ ಹತ್ತಿರ ಹೇಳಿ, ಮದುವೆಗೆ ಹೋಗಿ ಕಡೇ ಪಂಕ್ತಿಯಲ್ಲಿ ಉಂಡು ಬಂದು, ಅವತ್ತಿನಿಂದ ಅಣ್ಣನನ್ನು ಮಾತಾಡಿಸಲಿಲ್ಲ. ಅಪ್ಪನ ಕೆಲಸ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಊರಿನವರ ಮಾತನ್ನೆಲ್ಲ ಜೋಡಿಸಿ ಮನೆಗೆ ಬಂದು ಬಾಯಿ ಹೊಲಿದುಕೊಳ್ಳುತ್ತಿದ್ದರು. ಅಮ್ಮ, ದೊಡ್ಡಮ್ಮ ಮಾತ್ರ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಾ ಎಂದಿನಂತೆ ಹರಟುತ್ತಿದ್ದರು. ಅವರಿಗೆ ಆ ಕಾರ್ಡು ಎಂದೋ ಮರೆತುಹೋಗಿತ್ತು.

ರಜೆ ಶುರುವಾದ ವಾರದಲ್ಲೇ ಅಜ್ಜಿ ಗುಜರಿಯವನನ್ನು ಗೇಟಿನೊಳಗೆ ಕರೆದಳು. ಶೆಡ್ಡು ತೋರಿಸಿ, "ಇದನ್ನ ತಗೊಂಡ್ಹೋಗಪ್ಪ, ಜಾಗ ಆದ್ರೂ ಆಗತ್ತೆ" ಎಂದಳು. ಅವನು ಗಾಡಿಯ ಹ್ಯಾಂಡಲ್ ಹಿಡಿದದ್ದೇ ತಡ, ಕೆಳಗಿನ ಬಾಗಿಲಿನಿಂದ ದೊಡ್ಡಪ್ಪ, ಮೇಲಿನ ಮೆಟ್ಟಿಲಿನಿಂದ ಅಪ್ಪ, ಇಬ್ಬರೂ ಒಟ್ಟಿಗೆ "ಅಮ್ಮಾ, ಅದನ್ನ ಕೊಡಬೇಡ" ಎಂದರು. ಒಬ್ಬರನ್ನೊಬ್ಬರು ನೋಡಿ ತಕ್ಷಣ ಮುಖ ತಿರುಗಿಸಿಕೊಂಡರು.

"ಇಬ್ಬರಿಗೂ ಬೇಕಾ? ಹಾಗಾದ್ರೆ ಇಬ್ಬರೂ ಸೇರಿ ರಿಪೇರಿ ಮಾಡಿ" ಎಂದಳು ಅಜ್ಜಿ. "ಈ ಮಗೂಗೆ ಸ್ಕೂಲ್ ಶುರುವಾಗೋದ್ರೊಳಗೆ ನಂಗೆ ಅದರ ಸದ್ದು ಕೇಳಬೇಕು. ಇಲ್ಲಾಂದ್ರೆ ಇವನೇ ಬಂದು ತಗೊಂಡ್ಹೋಗ್ತಾನೆ. ಏನಪ್ಪಾ, ಜೂನ್ ಒಂದಕ್ಕೆ ಬರ್ತೀಯಾ?"

"ಬರ್ತೀನಮ್ಮ" ಎಂದು ಅವನು ತಕ್ಕಡಿ ಎತ್ತಿಕೊಂಡು ಹೊರಟ.

ಹೀಗೆ ಕೆಲಸ ಶುರುವಾಯಿತು. ದೊಡ್ಡಪ್ಪ ರಾಜಾಜಿನಗರದ ಕಡೆ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಇದ್ದವರು, ಹಾಗಾಗಿ ಕಬ್ಬಿಣದ್ದೆಲ್ಲ ಅವರದು. ವೈರು, ಕಾಯಿಲ್, ದೀಪ ಎಲ್ಲ ಅಪ್ಪನದು. ಸಂಜೆ ಐದೂವರೆಗೆ ಇಬ್ಬರೂ ಹಳೆ ಪ್ಯಾಂಟು ಹಾಕಿಕೊಂಡು ಶೆಡ್ಡಿಗೆ ಇಳಿಯುವರು. ನಡುವೆ ಮೂರಡಿ ದೂರ. ಆ ಮೂರಡಿಯಲ್ಲಿ ಮಣೆ ಹಾಕಿಕೊಂಡು ನಾನು.

"ಅನೂ, ನಿಮ್ಮಪ್ಪಂಗೆ ಹೇಳು, ಹನ್ನೆರಡನೇ ನಂಬರ್ ಸ್ಪ್ಯಾನರ್ ಅವರ ಕಾಲ ಹತ್ರ ಇದೆ ಅಂತ."

"ಅಪ್ಪಾ, ಹನ್ನೆರಡನೇ ನಂಬರ್ ಸ್ಪ್ಯಾನರ್ ಬೇಕಂತೆ."

"ತಗೋ, ಕೊಡು. ಕೆಲಸ ಆದ್ಮೇಲೆ ಇಲ್ಲೇ ಇಡಬೇಕು ಅಂತ ನಿಮ್ಮ ದೊಡ್ಡಪ್ಪಂಗೆ ಹೇಳು."

ಎರಡೇ ದಿನದಲ್ಲಿ ನನಗೆ ಈ ಹುದ್ದೆಯ ರುಚಿ ಹತ್ತಿತು. ಯಾಕೆಂದರೆ ಇದರಲ್ಲಿದ್ದ ಒಂದು ಅನುಕೂಲವನ್ನು ಬೇಗ ಕಂಡುಕೊಂಡೆ. ನಾನು ಏನನ್ನು ಹೇಗೆ ಬದಲಾಯಿಸಿ ಹೇಳಿದರೂ ಯಾರೂ ಅಲ್ಲಗಳೆಯುವಂತಿರಲಿಲ್ಲ. ಅಲ್ಲಗಳೆಯಬೇಕಾದರೆ ಮಾತಾಡಬೇಕಾಗುತ್ತಿತ್ತಲ್ಲ. ಒಮ್ಮೆ ದೊಡ್ಡಪ್ಪ, "ಈ ಥರ ವೈರ್ ಸುತ್ತೋದನ್ನ ಯಾವ ಕಾಲೇಜಲ್ಲಿ ಕಲಿಸ್ತಾರೆ ಅಂತ ನಿಮ್ಮಪ್ಪನ್ನ ಕೇಳು" ಎಂದರು. ನಾನು, "ಅಪ್ಪಾ, ವೈರ್ ಚೆನ್ನಾಗಿ ಸುತ್ತಿದೀಯಂತೆ" ಎಂದೆ. ಅಪ್ಪನಿಗೆ ಮೂರಡಿ ದೂರದಿಂದ ಎರಡೂ ಕೇಳಿಸಿತ್ತು. ಕೆಮ್ಮಿ, ಸುತ್ತಿದ ವೈರನ್ನು ಬಿಚ್ಚಿ ಇನ್ನೊಮ್ಮೆ ಸುತ್ತಿದರು. ದೊಡ್ಡಪ್ಪನ ಮೀಸೆಯ ತುದಿ ಒಂದಿಷ್ಟು ಅಲುಗಾಡಿದ್ದನ್ನು ನಾನು ನೋಡಿದೆ. ಗೆಳತಿಯರು ಗೇಟಿನ ಹೊರಗೆ ನಿಂತು ಲಗೋರಿಗೆ ಕರೆದರೂ ನಾನು ಹೋಗಲಿಲ್ಲ. ನಾನಿಲ್ಲದೆ ನಮ್ಮ ಮನೆಯಲ್ಲಿ ಒಂದು ಬೋಲ್ಟೂ ತಿರುಗುವುದಿಲ್ಲ ಎಂಬ ಜಂಬ.

ಗಾಡಿಯ ಪಿಸ್ಟನ್ ಕಚ್ಚಿಕೊಂಡು ಕೂತಿತ್ತು. ಪ್ಲಗ್ಗಿನ ತೂತಿಗೆ ದಿನಾ ಸೀಮೆಎಣ್ಣೆ ಹಾಕಿ ಒಂದು ವಾರ ಕಾದರು. ಎಂಟನೇ ದಿನ ಅದು 'ಟಕ್' ಎಂದು ಸಡಿಲವಾದಾಗ ಇಬ್ಬರೂ ನನ್ನ ಮುಖ ನೋಡಿಕೊಂಡು ನಕ್ಕರು. ಒಬ್ಬರ ನಗು ಇನ್ನೊಬ್ಬರಿಗೆ ತಲುಪಲೂ ನಾನೇ ಬೇಕಿತ್ತು. ಬಿಚ್ಚಿದ ಸಾಮಾನುಗಳೆಲ್ಲ ಹಳೆ ಪೇಪರಿನ ಮೇಲೆ ಸಾಲಾಗಿ ಒಣಗುತ್ತಿದ್ದವು. ಪಕ್ಕದ ಪೆಟ್ಟಿಗೆಯಲ್ಲಿ ಅರ್ಧ ಕಿಲೋದ ಒಂದು ಹಿತ್ತಾಳೆ ತೂಕ ಸಿಕ್ಕಿತು. ಅಜ್ಜಿ ಅದನ್ನು ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋದಳು.

ಮೇ ಕಡೆಯ ವಾರದ ಹೊತ್ತಿಗೆ ಎಲ್ಲ ಕೂಡಿತು. ಗಾಡಿ ಮಾತ್ರ ಏಳಲಿಲ್ಲ. ದೊಡ್ಡಪ್ಪ ಒಮ್ಮೆ ಜೋರಾಗಿ ಕಿಕ್ ಮಾಡಿದಾಗ ಕಿಕ್ಕರ್ ವಾಪಸ್ ಬಂದು ಮೊಣಕಾಲಿನ ಕೆಳಗೆ ಬಡಿಯಿತು. ದೊಡ್ಡಪ್ಪ ಕಲ್ಲುಬೆಂಚಿನ ಮೇಲೆ ಕುಸಿದು ಕೂತರು. ಅಪ್ಪ ಒಂದು ಹೆಜ್ಜೆ ಮುಂದೆ ಬಂದರು, ನಿಂತರು, ಆಮೇಲೆ ನನ್ನ ಕಡೆ ತಿರುಗಿ, "ಜೋರಾಗಿ ಏಟಾಯ್ತಾ ಕೇಳು" ಎಂದರು. ನಾನು ಕೇಳಿದೆ. "ಏನಿಲ್ಲ ಅಂತ ಹೇಳು" ಎಂದರು ದೊಡ್ಡಪ್ಪ, ಹಲ್ಲು ಕಚ್ಚಿಕೊಂಡು. ಕಾಲು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ನನಗೆ ಮೊದಲ ಸಲ ಈ ಆಟ ಚೆನ್ನಾಗಿಲ್ಲ ಅನ್ನಿಸಿತು.

ಮೂಡಲಪಾಳ್ಯದಲ್ಲಿದ್ದ ಹಳೆಯ ಮೆಕ್ಯಾನಿಕ್ ಒಬ್ಬರನ್ನು ಅಪ್ಪ ಕೇಳಿಕೊಂಡು ಬಂದರು. ತಪ್ಪಿರುವುದು ಟೈಮಿಂಗ್, ಅಂದರೆ ಪಿಸ್ಟನ್ ಮೇಲೇರುವಾಗ ಕಿಡಿ ಹಾರಬೇಕಾದ ಸರಿಯಾದ ಕ್ಷಣ. ಅದನ್ನು ಕೂರಿಸಲು ಇಬ್ಬರು ಬೇಕು. ಒಬ್ಬರು ಹಿಂದಿನ ಚಕ್ರವನ್ನು ನಿಧಾನ ತಿರುಗಿಸಬೇಕು. ಆಗ ಪಿಸ್ಟನ್ ಏರುತ್ತದೆ, ಪ್ಲಗ್ಗಿನ ತೂತಿನಲ್ಲಿ ಇಳಿಬಿಟ್ಟ ಸೈಕಲ್ ಕಡ್ಡಿಯೂ ಏರುತ್ತದೆ. ಕಡ್ಡಿಯ ಮೇಲೊಂದು ಗುರುತು. ಇನ್ನೊಬ್ಬರು ಕಿಡಿಯ ಪಾಯಿಂಟುಗಳ, ಅಂದರೆ ಒಂದಕ್ಕೊಂದು ಒತ್ತಿಕೊಂಡಿರುವ ಎರಡು ಪುಟ್ಟ ಲೋಹದ ಬಿಲ್ಲೆಗಳ, ನಡುವೆ ಸಿಗರೇಟ್ ಪ್ಯಾಕಿನ ತೆಳು ಕಾಗದ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತಿರಬೇಕು. ಕಾಗದ ಜಾರಿದ ಕ್ಷಣವೇ ಕಿಡಿ ಹಾರುವ ಕ್ಷಣ. ಅಲ್ಲೇ ಚಕ್ರ ನಿಲ್ಲಬೇಕು, ಕಡ್ಡಿಯ ಗುರುತು ತೂತಿನ ಅಂಚಿಗೆ ಸರಿಯಾಗಿ ಬಂದಿರಬೇಕು.

ಚಕ್ರ ದೊಡ್ಡಪ್ಪನ ಕೈಯಲ್ಲಿ, ಕಾಗದ ಅಪ್ಪನ ಕೈಯಲ್ಲಿ. ಕಾಗದ ಜಾರಿತು. "ನಿಲ್ಸು ಅನ್ನು" ಎಂದರು ಅಪ್ಪ. "ದೊಡ್ಡಪ್ಪಾ, ನಿಲ್ಸಬೇಕಂತೆ" ಎಂದೆ ನಾನು. ಚಕ್ರ ನಿಂತಿತು. ನೋಡಿದರೆ ಗುರುತು ಅಂಚಿಗಿಂತ ಒಂದು ಅಕ್ಕಿಕಾಳಿನಷ್ಟು ಮೇಲೆ. ಕಿಡಿ ತಡವಾಗುತ್ತಿದೆ ಎಂದುಕೊಂಡು ಅಪ್ಪ ಅದು ಇನ್ನಷ್ಟು ಮುಂಚೆ ಹಾರುವಂತೆ ಪಾಯಿಂಟನ್ನು ತಿರುಗಿಸಿದರು. ಕಿಕ್ ಮಾಡಿದರೆ ಅದು ಇನ್ನೂ ಜೋರಾಗಿ ಒದೆಯಿತು. ಮತ್ತೆ ಅದೇ. ಮೂರು ಸಂಜೆ ಹೀಗೇ ಕಳೆಯಿತು. ಗುಜರಿಯವನು ಬರಲು ಎರಡು ದಿನ ಉಳಿದಿತ್ತು. ಗಾಡಿ ಹೋದರೆ ಅಪ್ಪ, ದೊಡ್ಡಪ್ಪ ಒಂದೇ ಕಡೆ ನಿಲ್ಲಲು ಬೇರೆ ಯಾವ ಕಾರಣವೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು. ಇಬ್ಬರ ಮುಖವೂ ಸಣ್ಣಗಾಗಿತ್ತು.

ನಾಲ್ಕನೇ ಸಂಜೆ ಅಜ್ಜಿ ಹಲಸಿನ ಹಣ್ಣು ಕೊಯ್ದಳು. ಕೈಗೆಲ್ಲ ಎಣ್ಣೆ ಸವರಿಕೊಂಡು ತೊಳೆ ಬಿಡಿಸಿ ತಟ್ಟೆ ತುಂಬ ತಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಅಪ್ಪ ಕಾಗದ ಎಳೆಯುತ್ತಿದ್ದರು, ಚಕ್ರ ತಿರುಗುತ್ತಿತ್ತು. "ಚಿನ್ನಿ, ಬಾಯಿ ತೆಗಿ" ಎಂದಳು. ತೆಗೆದೆ. ನನ್ನ ಅಂಗೈ ಅಗಲದ ತೊಳೆಯೊಂದನ್ನು ಜೇನುತುಪ್ಪದಲ್ಲಿ ಅದ್ದಿ ಇಡಿಯಾಗಿ ಒಳಗೆ ತುರುಕಿದಳು. ಅಷ್ಟರಲ್ಲಿ ಕಾಗದ ಜಾರಿತು.

"ನಿಲ್ಸು ಅನ್ನು" ಎಂದರು ಅಪ್ಪ.

ನಾನು ಏನು ಅನ್ನಲಿ? ಬಾಯಿ ಮುಚ್ಚಲೂ ಆಗುತ್ತಿಲ್ಲ, ತೆರೆಯಲೂ ಆಗುತ್ತಿಲ್ಲ. ಚಕ್ರ ತಿರುಗುತ್ತಲೇ ಇತ್ತು. ಅಪ್ಪ ನನ್ನ ಮುಖ ನೋಡಿದರು, ಅಜ್ಜಿಯ ಮುಖ ನೋಡಿದರು. ಕಾಗದವನ್ನು ಮತ್ತೆ ಸಿಕ್ಕಿಸಿದರು. ದೊಡ್ಡಪ್ಪ ಚಕ್ರವನ್ನು ಇನ್ನೊಂದು ಸುತ್ತಿಗೆ ತಂದರು. ನಾನು ಅಗಿಯುತ್ತಲೇ ಇದ್ದೆ. ಈ ಸಲ ಕಾಗದ ಜಾರುತ್ತಿದ್ದ ಹಾಗೇ ಅಪ್ಪನ ಗಂಟಲಿನಿಂದ ಮಾತು ಹೊರಬಿತ್ತು.

"ಅಣ್ಣಾ, ನಿಲ್ಸು."

ಚಕ್ರ ನಿಂತಿತು. ದೊಡ್ಡಪ್ಪ ತಲೆ ಎತ್ತಲಿಲ್ಲ. ಕಡ್ಡಿಯ ಹತ್ತಿರಕ್ಕೆ ಬಗ್ಗಿ ನೋಡಿದರು. "ಗುರುತು ಇನ್ನೂ ಒಳಗೇ ಇದೆ ಕಣೋ. ಕಿಡಿ ಭಾಳ ಮುಂಚೆ ಹಾರ್ತಾ ಇದೆ" ಎಂದರು.

"ಅದಕ್ಕೇ ಒದೀತಾ ಇತ್ತು ನಿಂಗೆ" ಎಂದರು ಅಪ್ಪ. "ಕಾಲು ಹೇಗಿದೆ?"

"ಪರವಾಗಿಲ್ಲ."

ಇಷ್ಟು ದಿನ ಟೈಮಿಂಗ್ ಕೆಡಿಸಿದ್ದು ನಾನು ಎಂದು ಆಗ ಹೊಳೆಯಿತು. ಅಪ್ಪನ ಮಾತು ಕೇಳಿಸಿದರೂ ಅದು ನನ್ನ ಬಾಯಿಂದ ಬರುವವರೆಗೆ ದೊಡ್ಡಪ್ಪ ಕೈ ನಿಲ್ಲಿಸುತ್ತಿರಲಿಲ್ಲ, ಅಷ್ಟರಲ್ಲಿ ಚಕ್ರ ಒಂದು ಅಕ್ಕಿಕಾಳಿನಷ್ಟು ಮುಂದೆ ಹೋಗಿರುತ್ತಿತ್ತು. ಅದನ್ನು ನಂಬಿಕೊಂಡು ಅಪ್ಪ ಇಲ್ಲದ ತಪ್ಪನ್ನು ತಿದ್ದುತ್ತಿದ್ದರು. ಅವರಿಬ್ಬರೂ ತಲೆಗೆ ತಲೆ ತಾಗಿಸಿ ಪಾಯಿಂಟ್ ಕೂರಿಸುತ್ತಿದ್ದಾಗ ನಾನು ಮಣೆಯಿಂದ ಎದ್ದು ಹೋಗಿ ಸಂಪಿನ ಕಟ್ಟೆಯ ಮೇಲೆ ಕೂತು ಅತ್ತೆ. ಸಂತೋಷಕ್ಕೆ ಅತ್ತೆ ಎಂದು ಎಲ್ಲರೂ ತಿಳಿದರು. ನಿಜ ಹೇಳುತ್ತೇನೆ, ಕೆಲಸ ಹೋಯಿತಲ್ಲ ಎಂದು ಅತ್ತದ್ದು.

ಅಪ್ಪ ಕಿಕ್ ಮಾಡಿದರು. ಮೂರನೇ ಕಿಕ್ಕಿಗೆ ಗಾಡಿ ಒಮ್ಮೆ ಸೀನಿ, ಹೊಗೆ ಕಾರಿ, ಡುಗ್ ಡುಗ್ ಎಂದು ನಿಂತಲ್ಲೇ ನಡುಗತೊಡಗಿತು. ಶೆಡ್ಡಿನ ಶೀಟುಗಳೆಲ್ಲ ಅದುರಿದವು, ಅಕ್ಕಪಕ್ಕದವರು ಕಾಂಪೌಂಡಿಗೆ ಬಂದರು. ನಾನು ಅಜ್ಜಿಯನ್ನು ಹುಡುಕಿದೆ. ಬಾಗಿಲಲ್ಲಿ ತಟ್ಟೆ ಇತ್ತು, ಅವಳಿರಲಿಲ್ಲ. ಒಳಗೆ ಹೋದರೆ ಅಜ್ಜಿ ಒಲೆಯ ಮುಂದೆ ನಿಂತಿದ್ದಳು. ಕಾಫಿಗೆ ಹಾಲಿಟ್ಟಿದ್ದಳು. ಹಾಲು ಉಕ್ಕುತ್ತಿತ್ತು. ಅವಳು ಆರಿಸದೆ ನೋಡುತ್ತಾ ನಿಂತಿದ್ದಳು.

ಜೂನ್ ಒಂದಕ್ಕೆ ಬಂದ ಗುಜರಿಯವನಿಗೆ ಅಜ್ಜಿ ಕಾಫಿ ಕೊಟ್ಟು, ತೂತು ಬಿದ್ದ ಒಂದು ಬಕೆಟ್ಟು ಕೊಟ್ಟು ಕಳಿಸಿದಳು. ಆ ಹಲಸಿನ ತೊಳೆಯನ್ನು ಬೇಕೆಂದೇ ತುರುಕಿದಳೋ ಏನೋ, ಕೊನೆಯವರೆಗೂ ಬಾಯಿ ಬಿಡಲಿಲ್ಲ. ಆದರೆ ಆಮೇಲೆ ಎಂದೂ ಅವಳು ನನಗೆ ಅಷ್ಟು ದೊಡ್ಡ ತೊಳೆ ಕೊಟ್ಟದ್ದಿಲ್ಲ. ಹಲಸು ತಿಂದರೆ ಹೊಟ್ಟೆನೋವು ಬರುತ್ತೆ ಎನ್ನುವುದೇ ಅವಳ ಮಾತು.

ಅಣ್ಣತಮ್ಮಂದಿರು ಮೊದಮೊದಲು ಗಾಡಿಯ ಬಗ್ಗೆ ಮಾತ್ರ ಮಾತಾಡುತ್ತಿದ್ದರು. ಮಾತಿಗೆ ನೆಪ ಬೇಕಾದಾಗಲೆಲ್ಲ ಚೆನ್ನಾಗಿ ಓಡುತ್ತಿದ್ದ ಇಂಜಿನ್ನನ್ನೇ ಭಾನುವಾರ ಬಿಚ್ಚಿ ಹಾಕುವರು. ಮಲ್ಲತ್ತಹಳ್ಳಿ ಕೆರೆಯವರೆಗೆ ಒಂದು ಸುತ್ತು ಹೋಗಿ ಬಂದು, ಏನೋ ಸದ್ದು ಬರುತ್ತಿದೆ ಎಂದು ಮತ್ತೆ ಬಿಚ್ಚುವರು. ಬರಬರುತ್ತಾ ಬೇರೆ ಮಾತೂ ಬಂತು. ಆ ಕಾರ್ಡಿನ ಮಾತು ಮಾತ್ರ ಬರಲೇ ಇಲ್ಲ. ಎರಡು ವರ್ಷದ ಹಿಂದೆ ದೊಡ್ಡಪ್ಪ ಹೋದಾಗ ವೈಕುಂಠ ಸಮಾರಾಧನೆಯ ಕಾರ್ಡಿನ ಪ್ರೂಫನ್ನು ಅಪ್ಪ ಮೂರು ಸಲ ಓದಿದರು, ಕನ್ನಡಕ ಒರೆಸಿ ಒರೆಸಿ.

ಈಗಲೂ ನಮ್ಮ ಬಳಗದಲ್ಲಿ ಮುನಿಸುಗಳಿವೆ. ಯಾರೋ ಫ್ಯಾಮಿಲಿ ಗ್ರೂಪಿನಿಂದ ಹೊರಗೆ ಹೋಗುತ್ತಾರೆ, ಅಲ್ಲಿಗೆ ಮುಗಿಯಿತು. ಯಾರ ಮುಖ ಬಾಡಿದೆ, ಯಾರ ಕಾಲಿಗೆ ಏಟಾಗಿದೆ ಎಂದು ನೋಡಲು ಒಂದೇ ಮೆಟ್ಟಿಲನ್ನು ದಿನಾ ಹತ್ತಿಳಿಯುವವರು ಯಾರೂ ಇಲ್ಲ. ಅಂದು ಮಾತು ಬಿಟ್ಟವರೂ ಮೂರಡಿ ದೂರದಲ್ಲೇ ಇರುತ್ತಿದ್ದರು. ನಡುವೆ ಒಂದು ಮಗು, ಬಾಗಿಲಲ್ಲಿ ಒಬ್ಬ ಅಜ್ಜಿ ಇರುತ್ತಿದ್ದರು. ಅದೆಲ್ಲ ಕಳೆದುಹೋಯಿತಲ್ಲ ಎಂದು ನನಗೆ ದುಃಖವಾಗುತ್ತದೆ.

ಹೋದ ತಿಂಗಳು, ನಾನೀಗ ಇರುವ ಕೆಂಗೇರಿಯಿಂದ ಮನೆಗೆ ಹೋದಾಗ ಅಪ್ಪ ಶೆಡ್ಡಿನಲ್ಲಿದ್ದರು. ಗಾಡಿ ಎರಡು ವರ್ಷದಿಂದ ಎದ್ದಿರಲಿಲ್ಲ. "ಬಂದ್ಯಾ, ಬಾ, ಒಬ್ಬನೇ ಆಗಲ್ಲ ಇದು. ಚಕ್ರ ತಿರುಗಿಸು" ಎಂದರು. ನಾನು ಬ್ಯಾಗು ಇಟ್ಟು ದೊಡ್ಡಪ್ಪ ಕೂರುತ್ತಿದ್ದ ಜಾಗದಲ್ಲಿ ಕೂತೆ. ಅಪ್ಪ ಕಾಗದ ಸಿಕ್ಕಿಸಿ ಬಗ್ಗಿದರು. ನಾನು ಮೆಲ್ಲಗೆ ತಿರುಗಿಸಿದೆ. ಕಡ್ಡಿ ಏರುತ್ತಾ ಬಂತು. ಅಪ್ಪನ ಕಣ್ಣು ಕಾಗದದ ಮೇಲೇ ಇತ್ತು.

"ಅಣ್ಣಾ, ನಿಲ್ಸು" ಎಂದರು.

ನಾನು ನಿಲ್ಲಿಸಿದೆ.