ಕೌದಿಯ ಚಿಂದಿ ಕಟ್ಟಿದ ತಂತಿಗಳು

ಮೊನ್ನೆ ಹಳೆಯ ಇಸ್ತ್ರಿಪೆಟ್ಟಿಗೆಯ ನೂಲು ಸುತ್ತಿದ ತಂತಿ ಸುಟ್ಟು ಮನೆಯೆಲ್ಲ ಕಮಟು ವಾಸನೆ ಹಬ್ಬಿತು. ಎಲ್ಲರೂ ಕಿಟಕಿ ತೆರೆಯಲು ಓಡಿದರು. ನಾನು ಮಾತ್ರ ಕುಳಿತಲ್ಲೇ ಕುಳಿತು, ಶಹಾಬಾದಿನ ನಮ್ಮ ಫರ್ಶಿಕಲ್ಲು ಹಾಸಿದ ಅಂಗಳಕ್ಕೆ ಹೋಗಿಬಿಟ್ಟಿದ್ದೆ. ಆ ಅಂಗಳ ಈಗಿಲ್ಲ. ಅಪ್ಪ, ಅವ್ವ, ನೀಲಕ್ಕ ಯಾರೂ ಇಲ್ಲ. ಅಂದಿನ ನನ್ನ ಹೊಟ್ಟೆಕಿಚ್ಚು ಮಾತ್ರ ಇನ್ನೂ ಬೆಚ್ಚಗಿದೆ.

ನಿಜಾಮರ ಕಾಲ, ಯುದ್ಧದ ದಿನಗಳು. ಅಪ್ಪ ಕಲ್ಲಿನ ಖಣಿಯಲ್ಲಿ ಲೆಕ್ಕ ಬರೆಯುವ ಮುನ್ಷಿ. ಖಣಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಒಂದು ಮುದಿ ಮೋಟಾರ್ ಸೈಕಲ್ ಅಪ್ಪನಿಗೆ ಬಿಟ್ಟುಹೋದ. ಗಾಡಿಯೇನೋ ಓಡುತ್ತಿತ್ತು, ಆದರೆ ದೀಪದ ತಂತಿಗಳನ್ನೆಲ್ಲ ಇಲಿ ತಿಂದಿದ್ದರಿಂದ ಬೆಳಕಿಲ್ಲ. ರಾವೂರಿನ ಖಣಿಯಿಂದ ಹೊತ್ತು ಮುಳುಗುವುದರೊಳಗೆ ಮರಳದಿದ್ದರೆ ಅಪ್ಪ ಅಲ್ಲೇ ಉಳಿಯಬೇಕಿತ್ತು. ಹೈದರಾಬಾದಿನಿಂದ ತರಿಸಿದ ಹೊಸ ತಂತಿಯೋ ಎಲ್ಲವೂ ಕರೀದೇ. ಯಾವುದು ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಪಡಸಾಲೆಯಲ್ಲಿ ಅವ್ವ ಕೌದಿ ಹೊಲಿಯುತ್ತಿದ್ದಳು. ನಿಮ್ಮ ಮನೆಯಲ್ಲೂ ಅಂಥದೊಂದು ಕೌದಿ ಇದ್ದಿರಬೇಕು, ಮನೆಮಂದಿಯೆಲ್ಲರ ಹಳೆಯ ಅರಿವೆ ಸೇರಿದ್ದು. ಅಪ್ಪ ಅದರ ಚಿಂದಿಗಳನ್ನೇ ಇಸಿದುಕೊಂಡು, ಒಂದೊಂದು ತಂತಿಯ ಎರಡೂ ತುದಿಗೆ ಒಂದೇ ಬಣ್ಣ ಕಟ್ಟಿಸಿದ. ಅವ್ವನ ಹಸಿರು ಸೀರೆ ಮುಂದಿನ ದೀಪಕ್ಕೆ, ನೀಲಕ್ಕನ ಹಳದಿ ಲಂಗ ಬ್ಯಾಟರಿಯ ತಂತಿಗೆ, ನನ್ನ ಕೆಂಪು ಲಂಗ ಗಾಡಿಯ ಕಬ್ಬಿಣಕ್ಕೆ ಬಿಗಿಯುವ ತಂತಿಗೆ.

"ನಂದೇನು ಕೆಲಸ ಮಾಡ್ತದ್ರಿ ಅಪ್ಪಾ?"

"ಅದು ಸುಮ್ಮ ಕಬ್ಬಿಣಕ್ಕ ಕಟ್ಟೋದವ್ವ. ಬ್ಯಾಟರಿದು ನೋಡು, ಗಾಡಿಗೆ ಜೀವ ಇದ್ದಂಗ."

ಜೀವ ಅಕ್ಕನಿಗೆ, ಕಬ್ಬಿಣ ನನಗೆ! ಅಪ್ಪನ ಪಕ್ಕದಲ್ಲಿ ಕುಳಿತು ತಂತಿ ಹಿಡಿಯುವವಳೂ ಅವಳೇ, ಚಿಂದಿ ಕಟ್ಟುವವಳೂ ಅವಳೇ. ನನ್ನ ಪಾಲಿಗೆ ನೀರು ತರುವ ಕೆಲಸ. ಬಂದವರಿಗೆಲ್ಲ ಅಪ್ಪ, "ನೀಲಾ ಇಲ್ಲಂದ್ರ ನನಗ ಕೈನೇ ಇಲ್ಲದಂಗ" ಎನ್ನುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅಪ್ಪ, ಅಕ್ಕ ರೊಟ್ಟಿಗೆ ಕುಳಿತಾಗ, ಸೀಟಿನ ಕೆಳಗೆ ಬ್ಯಾಟರಿ ಕಡೆಯ ತುದಿಯಲ್ಲಿದ್ದ ಹಳದಿ ಬಿಚ್ಚಿ ಅಲ್ಲಿ ನನ್ನ ಕೆಂಪು ಕಟ್ಟಿದೆ, ಕೆಂಪು ಇದ್ದಲ್ಲಿ ಹಳದಿ. ಕೆಡಿಸಬೇಕೆಂದಲ್ಲ, ನಂಬಿ. ಬ್ಯಾಟರಿಯ ಮೇಲೆ ನನ್ನ ಚಿಂದಿ ಇರಬೇಕು, ಅಷ್ಟೇ ಆಸೆ.

ಉಂಡು ಬಂದ ಅಪ್ಪ ಬಣ್ಣ ನೋಡಿ ನೋಡಿ ತಂತಿ ಜೋಡಿಸಿದ. ಕಬ್ಬಿಣಕ್ಕೆ ಹೋಗಬೇಕಾದ ತಂತಿಯನ್ನೇ ಹಳದಿ ಎಂದು ಬ್ಯಾಟರಿಗೆ ತಾಗಿಸಿದ್ದೇ ತಡ, ಚಟಚಟ ಕಿಡಿ ಹಾರಿ ಹೊಗೆ ಎದ್ದಿತು. ಕಿತ್ತೆಸೆಯುವಷ್ಟರಲ್ಲಿ ತಂತಿಯ ಕಟ್ಟೆಲ್ಲ ಕರಗಿ ಒಂದಕ್ಕೊಂದು ಅಂಟಿತ್ತು. ಬೂದಿಯಾಗದೆ ಉಳಿದ ಚಿಂದಿ ಹಿಡಿದು ಅಪ್ಪ ಕೇಳಿದ, "ಇದನ್ನ ಕಟ್ಟಿದವ್ರು ಯಾರು?"

ಅಕ್ಕ ಬಗ್ಗಿ ಗಂಟು ಮುಟ್ಟಿದಳು. ಅವಳದು ಕೌದಿಗೆ ಹಾಕುವ ಬಿಗಿ ಗಂಟು. ನನ್ನದು ಲಂಗದ ಲಾಡಿಯ ಜಾರುಗಂಟು. ನನ್ನ ಕಡೆ ಒಮ್ಮೆ ನೋಡಿದಳು.

"ನಾನೇ ಕಟ್ಟೀನ್ರಿ ಅಪ್ಪಾ. ಅದಲುಬದಲು ಆಗ್ಯದ."

ಅಪ್ಪ ಬೈಯಲಿಲ್ಲ. "ಸಾಕು, ಒಳಗ ಹೋಗು. ಇನ್ನ ಸಣ್ಣಾಕಿ ಕುಂದರಲಿ" ಎಂದ. ಸುಳ್ಳೇಕೆ ಹೇಳಲಿ, ನನಗೆ ಆಗ ಸಂತೋಷವೇ ಆಯಿತು.

ಮತ್ತೆ ತಂತಿ ಬರಲು ಬಹಳ ತಿಂಗಳು ಹಿಡಿಯಿತು. ಈ ಸಲ ಅಪ್ಪನ ಪಕ್ಕದಲ್ಲಿ ನಾನು. ಅಕ್ಕ ಅಂಗಳಕ್ಕೇ ಬರುತ್ತಿರಲಿಲ್ಲ. ಒಂದು ಸಂಜೆ ದೀಪ ಹತ್ತಿತು. ಎದುರು ಗೋಡೆಯ ಮೇಲೆ ಬೆಳಕು ಬಿದ್ದದ್ದೇ ಅಪ್ಪ ನನ್ನ ಬೆನ್ನು ತಟ್ಟಿದ. ಒಳಗೆ ಅಕ್ಕ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಹತ್ತಿತೇನ್ರಿ ಅಪ್ಪಾ?"

ಅಪ್ಪ ದೀಪದ ಗುಂಗಿನಲ್ಲಿದ್ದ, ಕೇಳಿಸಲಿಲ್ಲ. ನನಗೆ ಕೇಳಿಸಿತ್ತು. ಬಂದು ನೋಡೆಂದು ಕರೆದರೆ ಅಪ್ಪ ಮತ್ತೆ ಅವಳನ್ನೇ ಕೂಡಿಸಿಕೊಂಡಾನು ಎಂದು ಸುಮ್ಮನಿದ್ದೆ. ಸ್ವಲ್ಪ ಹೊತ್ತು ಕಾದು, ಅಕ್ಕ ಮತ್ತೆ ರೊಟ್ಟಿ ಬಡಿಯತೊಡಗಿದಳು.